ಹೊಸ ಬರಹಕ್ಕೆ ಹಳೆಯ ಅಂಕಿತ

ರಾಯಚೂರಿನ ಕಾಲೇಜುಗಳಲ್ಲಿ ಈಗ ಬರೆಯುವ ಹುಡುಗ ಹುಡುಗಿಯರಿಗೆ ಬರವಿಲ್ಲ. ಮೊಬೈಲಿನಲ್ಲೇ ಬರೆಯುತ್ತಾರೆ, ಅದರಲ್ಲೇ ಹಂಚುತ್ತಾರೆ. ಸಂಪಾದಕರ ಒಪ್ಪಿಗೆ ಬೇಕಿಲ್ಲ, ಅಚ್ಚಿನ ಖರ್ಚಿಲ್ಲ. ಆದರೆ ನಾಲ್ಕಾರು ಬರಹಗಳಾದ ಮೇಲೆ ಕಾಡುವ ಪ್ರಶ್ನೆಗಳು ಮಾತ್ರ ಹಳೆಯವೇ. ಯಾರಿಗಾಗಿ ಬರೆಯುವುದು? ಯಾವ ಮಾತಿನಲ್ಲಿ ಬರೆಯುವುದು? 18ನೇ ಶತಮಾನದಲ್ಲಿ ಇದೇ ನೆಲದ ಮೂವರು ಹರಿದಾಸರು ಈ ಪ್ರಶ್ನೆಗಳನ್ನು ಎದುರಿಸಿ ಗೆದ್ದಿದ್ದಾರೆ. ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯ ವಿಜಯದಾಸರು, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿ ಸೀಮೆಯ ಬ್ಯಾಗವಾಟದ ಜಗನ್ನಾಥದಾಸರು.

ಈ ಮೂವರಲ್ಲಿ ಹೊಸಬರಿಗೆ ತೀರ ಹತ್ತಿರದವರು ಜಗನ್ನಾಥದಾಸರು (1728–1809). ಮೊದಲ ಹೆಸರು ಶ್ರೀನಿವಾಸಾಚಾರ್ಯ. ಸಂಸ್ಕೃತದ ದೊಡ್ಡ ಪಂಡಿತರು. ಕನ್ನಡದಲ್ಲಿ ಪದ ಹಾಡಿಕೊಂಡು ತಿರುಗುವ ದಾಸರೆಂದರೆ ಅವರಿಗೆ ತಾತ್ಸಾರವಿತ್ತಂತೆ. ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವಿನ ನೆಪ ಹೇಳಿ ತಪ್ಪಿಸಿಕೊಂಡರು, ಆಮೇಲೆ ಆ ನೋವು ನಿಜವಾಗಿಯೇ ಬಂತು, ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷ ಧಾರೆಯೆರೆದು ಅವರನ್ನು ಉಳಿಸಿದರು ಎಂದು ದಾಸಪರಂಪರೆ ನಂಬುತ್ತದೆ. ಕಥೆಯನ್ನು ಯಾರು ಹೇಗಾದರೂ ತಿಳಿಯಲಿ, ಅದರ ಫಲವಂತೂ ನಮ್ಮ ಕಣ್ಣೆದುರಿಗಿದೆ. ಆ ಪಂಡಿತರು ಕನ್ನಡಕ್ಕೆ ಬಂದರು, ಭಾಮಿನಿ ಷಟ್ಪದಿಯಲ್ಲಿ ‘ಹರಿಕಥಾಮೃತಸಾರ’ ಬರೆದರು. ಮಾಧ್ವ ಶಾಸ್ತ್ರದ ಕಠಿಣ ವಿಚಾರಗಳನ್ನು ಹೆಂಗಸರೂ ಮಕ್ಕಳೂ ಬಾಯಿಪಾಠ ಮಾಡುವಂತೆ ಬರೆದದ್ದು ಸಣ್ಣ ಸಾಹಸವಲ್ಲ. ಬಲ್ಲ ಭಾಷೆಯ ಗತ್ತು ಬಿಟ್ಟು ಮನೆಯ ಮಾತಿಗೆ ಬರುವುದು ಎಷ್ಟು ಕಷ್ಟವೆಂಬುದು ಬರೆಯಲು ಕೂತವರಿಗೆ ಮೊದಲ ಪುಟದಲ್ಲೇ ಗೊತ್ತಾಗುತ್ತದೆ.

ಎರಡನೆಯ ಪಾಠ ಅಂಕಿತದ್ದು, ಅಂದರೆ ದಾಸರು ರಚನೆಯೊಳಗೇ ಹಾಕುವ ಸಹಿಯದ್ದು. ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ. ಒಂದು ಸುಳಾದಿಯನ್ನು ಬಿಡಿಸಿ ನೋಡಿ. ಒಂದೊಂದು ನುಡಿಗೆ ಒಂದೊಂದು ತಾಳ: ಧ್ರುವ, ಮಟ್ಟ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಹೀಗೆ. ಕೊನೆಗೆ ಎರಡು ಸಾಲಿನ ಜತೆ. ತಾಳ ಬದಲಾದಂತೆ ಮಾತಿನ ನಡೆಯೂ ಬದಲಾಗುತ್ತದೆ, ಆದರೆ ಪ್ರತಿ ನುಡಿಯೂ ಅಂಕಿತಕ್ಕೆ ಬಂದೇ ನಿಲ್ಲಬೇಕು. ಇಡೀ ರಚನೆಗೆ ಕಡೆಯಲ್ಲೊಮ್ಮೆ ಸಹಿ ಹಾಕಿ ಕೈತೊಳೆದುಕೊಳ್ಳುವಂತಿಲ್ಲ. ಅಂಕಿತವನ್ನು ತಾನೇ ಇಟ್ಟುಕೊಳ್ಳುವಂತೆಯೂ ಇರಲಿಲ್ಲ, ಅದು ಗುರುವಿನಿಂದ ಬರಬೇಕಿತ್ತು. ಸುಳ್ಳು ಹೆಸರಿನ ಮರೆಯಲ್ಲಿ ಬರೆಯುವುದು ಸುಲಭವಾಗಿರುವ ಈ ಕಾಲದಲ್ಲಿ ಆ ಶಿಸ್ತಿನ ಬೆಲೆ ನನಗೆ ದೊಡ್ಡದಾಗಿ ಕಾಣುತ್ತದೆ. ಹೆಸರು ಹಾಕಬೇಕೆಂದಾಗ ಪದಗಳನ್ನು ತೂಗಿ ಬರೆಯುತ್ತೇವೆ.

ಏನು ಬರೆಯುವುದು ಎಂದು ಕೇಳುವವರು ವಿಜಯದಾಸರನ್ನು ನೋಡಬೇಕು. ಬಡತನದಲ್ಲಿ ಊರು ಬಿಟ್ಟು ಕಾಶಿಯವರೆಗೆ ಅಲೆದವರು ಅವರು. ಕಂಡ ಕ್ಷೇತ್ರಗಳ ಮೇಲೆಲ್ಲ ಸುಳಾದಿ ಕಟ್ಟಿದರು. ಕಾಲು ಎಲ್ಲಿಗೆ ಹೋಯಿತೋ ಅಲ್ಲಿ ಬರಹಕ್ಕೆ ವಸ್ತು ಸಿಕ್ಕಿತು.

ನಮ್ಮ ಹುಡುಗರಿಗೂ ವಸ್ತುವಿಗೆ ಕೊರತೆಯಿಲ್ಲ. ತುಂಗಭದ್ರಾ ಎಡದಂಡೆ ನಾಲೆಯ ಕೊನೆಭಾಗದ ಮಾನ್ವಿ ರೈತ ನೀರಿಗಾಗಿ ಕಾಯುವುದು, ದೇವದುರ್ಗದ ಹಳ್ಳಿಗಳಿಂದ ಗುಳೆ ಹೋದವರ ಮನೆಗೆ ಬೀಳುವ ಬೀಗ, ಅಜ್ಜಿಯ ಹತ್ತಿರ ಉಳಿದ ಮಕ್ಕಳ ಶಾಲೆ, ಶಕ್ತಿನಗರದ ವಿದ್ಯುತ್ ಸ್ಥಾವರದ ಬೂದಿ, ಹತ್ತಿ ಮಾರುಕಟ್ಟೆಯ ಬೆಳಗು. ಇವನ್ನೆಲ್ಲ ಬೆಂಗಳೂರಿನಿಂದ ಬಂದವರು ಒಂದು ದಿನದಲ್ಲಿ ನೋಡಿ ಬರೆದು ಹೋಗುತ್ತಾರೆ. ಇಲ್ಲೇ ಇರುವವರು ವರ್ಷವಿಡೀ ನೋಡಿ ಬರೆಯಬಲ್ಲರು. ಆದರೂ ಹೆಚ್ಚಿನವರು ಓದಿದ ಪುಸ್ತಕದ ಕನ್ನಡದಲ್ಲಿ, ಯಾರದೋ ಊರಿನ ಮಳೆಯನ್ನು ಬರೆಯುತ್ತಾರೆ. ಅದು ನನಗೆ ನೋವಿನ ಸಂಗತಿ. ‘ಯಾಕ್ರೀ, ಎಲ್ಲಿ ಹೊಂಟೀರಿ’ ಎನ್ನುವ ಮಾತು ನಮ್ಮ ಕಿವಿಯಲ್ಲಿ ಇರುವಾಗ ಅದನ್ನು ಬರಹದಿಂದ ಹೊರಗಿಡುವುದೇಕೆ?

ನಿಜಾಮರ ಕಾಲದಲ್ಲಿ ಇಲ್ಲಿ ಕನ್ನಡದಲ್ಲಿ ಬರೆಯುವುದಕ್ಕೇ ಗಟ್ಟಿ ಮನಸ್ಸು ಬೇಕಿತ್ತು. ಶಾಲೆ, ಕಚೇರಿ ಎರಡೂ ಉರ್ದುವಿನಲ್ಲಿ. 1924ರಲ್ಲಿ ಹುಟ್ಟಿದ ಹೆಂಬೇರಾಳದ ಶಾಂತರಸರು ಆ ಉರ್ದುವನ್ನು ದೂರಲಿಲ್ಲ. ಅದರ ಗಜಲನ್ನೇ ಕನ್ನಡಕ್ಕೆ ತಂದರು. 2006ರ ಬೀದರ್ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಮಗಳು ಎಚ್.ಎಸ್. ಮುಕ್ತಾಯಕ್ಕ ಗಜಲನ್ನು ತಮ್ಮದೇ ದನಿಯಲ್ಲಿ ಮುಂದುವರಿಸಿದರು. ಎರಡು ಭಾಷೆಗಳ ನಡುವೆ ಬೆಳೆದ ಕಿವಿ ರಾಯಚೂರಿನವರಿಗೆ ದೊಡ್ಡ ಆಸ್ತಿ.

ಇಷ್ಟಾದರೂ ಓದುಗರು ಬೇಗ ಸಿಗುತ್ತಾರೆಂದು ಭರವಸೆ ಕೊಡಲಾರೆ. ದಾಸರ ಪದಗಳು ಮೊದಲು ಕಿವಿಯಿಂದ ಕಿವಿಗೆ ಹೋದವು, ಅಚ್ಚಾದದ್ದು ಎಷ್ಟೋ ಕಾಲದ ಮೇಲೆ. ಆದ್ದರಿಂದ ಬರೆದದ್ದನ್ನು ಹಂಚುವ ಮೊದಲು ಮನೆಯಲ್ಲಿ ಒಬ್ಬರಿಗಾದರೂ ಗಟ್ಟಿಯಾಗಿ ಓದಿ ಹೇಳಿ. ಅವರಿಗೆ ತಿಳಿಯದ ಸಾಲನ್ನು ತಿದ್ದಿ. ಕೆಳಗೆ ನಿಮ್ಮ ಹೆಸರನ್ನೂ ಊರಿನ ಹೆಸರನ್ನೂ ತಪ್ಪದೆ ಹಾಕಿ.