ಲೆಕ್ಕದ ಮೇಜಿಗೆ ಎಷ್ಟು ಮಾನಿಟರ್ ಬೇಕು?

ವರ್ತಕ ಬಾಂಧವರೂ ಸಣ್ಣ ಕೈಗಾರಿಕೋದ್ಯಮಿಗಳೂ ಈಚಿನ ವರ್ಷಗಳಲ್ಲಿ ತಮ್ಮ ಲೆಕ್ಕ ಪರಿಶೋಧಕರ ಮುಂದೆ ಇಡುತ್ತಿರುವ ಪ್ರಶ್ನೆಗಳಲ್ಲಿ ಇದೂ ಒಂದು: “ನಮ್ಮ ಲೆಕ್ಕ ಬರೆಯುವವರು ಇನ್ನೊಂದು ಮಾನಿಟರ್ ಕೊಡಿಸಿ ಎನ್ನುತ್ತಿದ್ದಾರೆ. ಇದು ಅಗತ್ಯವೋ, ಶೋಕಿಯೋ?” ಪ್ರಶ್ನೆ ಸಣ್ಣದಾಗಿ ಕಂಡರೂ ಅದರ ಹಿಂದೆ ಹಣ, ಸಮಯ, ತೆರಿಗೆ ಮತ್ತು ನೌಕರರ ಆರೋಗ್ಯ ಈ ನಾಲ್ಕೂ ವಿಷಯಗಳು ಅಡಗಿವೆ. ಆದ್ದರಿಂದ ಇದನ್ನು ಕ್ರಮವಾಗಿ ಪರಿಶೀಲಿಸುವುದು ಉಚಿತ.

ಅಗತ್ಯ ಹುಟ್ಟುವುದು ಎಲ್ಲಿ?

ಕೈಬರಹದ ಲೆಕ್ಕದ ಕಾಲದಲ್ಲಿ ಗುಮಾಸ್ತರು ಎಡಗಡೆ ರೋಜುಕೀರ್ದಿಯನ್ನೂ ಬಲಗಡೆ ಖಾತಾ ಪುಸ್ತಕವನ್ನೂ ತೆರೆದಿಟ್ಟುಕೊಂಡು ಒಂದೊಂದೇ ಬಾಬಿಗೆ ಗುರುತು ಹಾಕುತ್ತಾ ತಾಳೆ ನೋಡುತ್ತಿದ್ದರು. ಗಣಕಯಂತ್ರ ಬಂದಮೇಲೆ ಎರಡೂ ಪುಸ್ತಕಗಳು ಒಂದೇ ಪರದೆಯೊಳಗೆ ಸೇರಿ, ಒಂದನ್ನು ತೆರೆದರೆ ಇನ್ನೊಂದು ಮರೆಯಾಗುವಂತಾಯಿತು. ಈ ಕೊರತೆಯನ್ನು ಯಂತ್ರ ತಯಾರಕರು ಬಹು ಹಿಂದೆಯೇ ಗುರುತಿಸಿದ್ದರು. 1987ರ ಮ್ಯಾಕಿಂತೋಷ್ 2 ಯಂತ್ರಕ್ಕೆ ಒಂದಕ್ಕಿಂತ ಹೆಚ್ಚು ಪರದೆಗಳನ್ನು ಜೋಡಿಸಬಹುದಾಗಿತ್ತು. ವಿಂಡೋಸ್ ಬಳಕೆದಾರರಿಗೆ ಈ ಸೌಲಭ್ಯ ವಿಂಡೋಸ್ 98ರೊಡನೆ ದೊರೆಯಿತು. ಹೀಗಾಗಿ ಎರಡು ಪರದೆಗಳ ಬಳಕೆ ಹೊಸ ಶೋಕಿಯೇನಲ್ಲ.

ಒಂದು ಮೇಜಿಗೆ ಎಷ್ಟು ಪರದೆ ಬೇಕೆಂಬುದನ್ನು ನಿರ್ಧರಿಸುವುದು ಕುಳಿತವರ ಹುದ್ದೆಯಲ್ಲ, ಅಲ್ಲಿ ನಡೆಯುವ ಕೆಲಸ. ಒಂದೇ ಕಡೆ ನೋಡಿ ನಮೂದಿಸುವ ಕೆಲಸಕ್ಕೆ ಒಂದು ಪರದೆ ಸಾಕು. ಎರಡು ದಾಖಲೆಗಳನ್ನು ಏಕಕಾಲಕ್ಕೆ ಕಣ್ಣಮುಂದಿಟ್ಟು ತಾಳೆ ನೋಡುವ ಕೆಲಸಕ್ಕೆ ಎರಡು ಪರದೆಗಳು ಬೇಕು.

ತಾಳೆಯ ಕೆಲಸ ಹೆಚ್ಚಿದೆ

ಜಿಎಸ್‌ಟಿ ಬಂದ ನಂತರ ಈ ಎರಡನೆಯ ಬಗೆಯ ಕೆಲಸ ಗಣನೀಯವಾಗಿ ಹೆಚ್ಚಿದೆ. ಜಿಎಸ್‌ಟಿಆರ್-2ಬಿ ತಃಖ್ತೆ 2020ರಲ್ಲಿ ಜಾರಿಗೆ ಬಂದಿತು. 2022ರ ಜನವರಿ 1ರಿಂದ, ಮಾರಾಟಗಾರರು ತಮ್ಮ ನಮೂನೆಯಲ್ಲಿ ತೋರಿಸಿ ಈ ತಃಖ್ತೆಯಲ್ಲಿ ಮೂಡಿಬಂದ ಬೀಜಕಗಳಿಗೆ ಮಾತ್ರ ಹೂಡುವಳಿ ತೆರಿಗೆ ಜಮೆ ಪಡೆಯಲು ಅವಕಾಶವಿದೆ. 2024ರ ಅಕ್ಟೋಬರ್‌ನಿಂದ ಬೀಜಕಗಳನ್ನು ಒಪ್ಪುವ, ತಿರಸ್ಕರಿಸುವ ಅಥವಾ ಬಾಕಿ ಇರಿಸುವ ಐಎಂಎಸ್ ವ್ಯವಸ್ಥೆಯೂ ಪೋರ್ಟಲ್‌ನಲ್ಲಿ ಸೇರಿದೆ.

ತಿಂಗಳ 14ರಂದು 2ಬಿ ಸಿದ್ಧವಾಗುತ್ತದೆ. ಮಾಸಿಕ 3ಬಿ ಸಲ್ಲಿಕೆಗೆ 20 ಕೊನೆಯ ದಿನ. ಈ ಆರು ದಿನಗಳಲ್ಲಿ ಖರೀದಿ ವಹಿಯನ್ನು ಪೋರ್ಟಲ್‌ನ ತಃಖ್ತೆಯೊಡನೆ ಸಾಲು ಸಾಲಾಗಿ ತಾಳೆ ಮಾಡಬೇಕು. ಜಿಎಸ್‌ಟಿ ಸಂಖ್ಯೆಯ 15 ಅಕ್ಷರಗಳಲ್ಲಿ ಕೊನೆಯದು ತಪಾಸಣಾ ಅಕ್ಷರವಾಗಿರುವುದರಿಂದ ಅಲ್ಲಿನ ಟೈಪಿಂಗ್ ತಪ್ಪುಗಳು ಬಹುಮಟ್ಟಿಗೆ ಸಿಕ್ಕಿಬೀಳುತ್ತವೆ. ಆದರೆ 16 ಅಕ್ಷರಗಳವರೆಗೆ ಇರಬಹುದಾದ ಬೀಜಕ ಸಂಖ್ಯೆಗೆ ಅಂತಹ ರಕ್ಷಣೆಯಿಲ್ಲ. ಸೊನ್ನೆಯನ್ನು ಓ ಅಕ್ಷರವೆಂದೋ, ಗೀಟನ್ನು ಅಡ್ಡಗೆರೆಯೆಂದೋ ನಮೂದಿಸಿದರೆ ಎರಡು ದಾಖಲೆಗಳು ಹೊಂದುವುದಿಲ್ಲ. ಇವುಗಳನ್ನು ಪತ್ತೆಹಚ್ಚಲು ಕಣ್ಣೇ ಬೇಕು. ಒಂದು ಪರದೆಯಲ್ಲಿ ನೋಡಿದ್ದನ್ನು ನೆನಪಿನಲ್ಲಿಟ್ಟುಕೊಂಡು ಇನ್ನೊಂದು ಕಿಟಕಿಗೆ ಹೋಗುವಷ್ಟರಲ್ಲಿ ಅಂಕಿ ಅದಲುಬದಲಾಗುವುದು ಸಹಜ.

ಒಂದು ಸರಳ ಲಕ್ಷಣವನ್ನು ಗಮನಿಸಿ. ತಾಳೆ ನೋಡುವುದಕ್ಕಾಗಿಯೇ 2ಬಿ ತಃಖ್ತೆಯನ್ನೋ ಬ್ಯಾಂಕ್ ವಿವರ ಪಟ್ಟಿಯನ್ನೋ ಮುದ್ರಿಸಿಕೊಂಡು, ಗುರುತು ಹಾಕಿ, ಸಂಜೆ ಕಸದ ಬುಟ್ಟಿಗೆ ಹಾಕುವ ರೂಢಿ ನಿಮ್ಮ ಕಚೇರಿಯಲ್ಲಿದ್ದರೆ, ಅಲ್ಲಿ ಕಾಗದವೇ ಎರಡನೆಯ ಪರದೆಯ ಕೆಲಸ ಮಾಡುತ್ತಿದೆ ಎಂದು ತಿಳಿಯಬೇಕು.

ಯಾವ ಮೇಜಿಗೆ ಎಷ್ಟು?

ಬಿಲ್ಲಿಂಗ್ ಕೌಂಟರ್: ಒಂದೇ ಪರದೆ ಸಾಕು. ಗ್ರಾಹಕರ ಕಡೆಗೆ ಮುಖ ಮಾಡಿದ ಚಿಕ್ಕ ದರ ಫಲಕ ಬೇಕಿದ್ದರೆ ಅದು ಬೇರೆ ಮಾತು. ಕೌಂಟರ್‌ನಲ್ಲಿ ಎರಡನೆಯ ಪರದೆ ಇಟ್ಟರೆ ಒಬ್ಬ ಗ್ರಾಹಕರ ಉದ್ರಿ ಬಾಕಿ ಮತ್ತೊಬ್ಬರ ಕಣ್ಣಿಗೆ ಬೀಳುವ ಅಪಾಯವೂ ಇದೆ.

ಲೆಕ್ಕಪತ್ರದ ಮೇಜು: ತಿಂಗಳಿಗೆ ನೂರಾರು ಖರೀದಿ ಬೀಜಕಗಳಿದ್ದರೆ ಎರಡು ಪರದೆಗಳು ಸಮರ್ಥನೀಯ. ಒಂದರಲ್ಲಿ ಟ್ಯಾಲಿ ಮುಂತಾದ ಲೆಕ್ಕದ ತಂತ್ರಾಂಶ, ಇನ್ನೊಂದರಲ್ಲಿ ಪೋರ್ಟಲ್, ಬ್ಯಾಂಕ್ ವಿವರ ಅಥವಾ ಸ್ಕ್ಯಾನ್ ಮಾಡಿದ ಬಿಲ್ಲು. ತಿಂಗಳಿಗೆ ಇಪ್ಪತ್ತು ಮೂವತ್ತು ಬೀಜಕಗಳಷ್ಟೇ ಇದ್ದರೆ ಒಂದೇ ಸಾಕು.

ಮಾಲೀಕರ ಮೇಜು: ಲ್ಯಾಪ್‌ಟಾಪ್ ಬಳಸುವವರಿಗೆ ಒಂದು ಮಾನಿಟರ್ ಜೋಡಿಸಿದರೆ ಸಾಲದಿರುವುದಿಲ್ಲ. ಲ್ಯಾಪ್‌ಟಾಪ್ ಪರದೆಯೇ ಎರಡನೆಯದಾಗುತ್ತದೆ.

ವಿನ್ಯಾಸ ವಿಭಾಗ: ಯಂತ್ರಭಾಗಗಳ ನಕ್ಷೆ ಬಿಡಿಸುವವರಿಗೆ ಮೊದಲು ಬೇಕಾದುದು ದೊಡ್ಡದಾದ, ಸ್ಪಷ್ಟವಾದ ಒಂದು ಪರದೆ. ಗ್ರಾಹಕರ ಆದೇಶ, ಬಿಡಿಭಾಗಗಳ ಪಟ್ಟಿ ನೋಡಲು ಸಾಧಾರಣವಾದ ಎರಡನೆಯದನ್ನು ಸೇರಿಸಬಹುದು.

ಮೂರು ಪರದೆಗಳು: ನಮ್ಮಂತಹ ಉದ್ದಿಮೆಗಳ ಲೆಕ್ಕದ ಮೇಜಿಗೆ ಇದರ ಅಗತ್ಯ ಅಪರೂಪ. ಮೂರನೆಯ ಪರದೆ ಬಹುಪಾಲು ವಾಟ್ಸ್‌ಆ್ಯಪ್ ಹಾಗೂ ಸಿಸಿ ಕ್ಯಾಮೆರಾ ದೃಶ್ಯಗಳಿಗೆ ಮೀಸಲಾಗಿ ಗಮನವನ್ನು ಚದುರಿಸುತ್ತದೆ.

ಎರಡು ಚಿಕ್ಕವೋ, ಒಂದು ದೊಡ್ಡದೋ?

ದೊಡ್ಡ ಪರದೆಯೊಂದನ್ನು ಕೊಂಡು ಅದರಲ್ಲೇ ಎರಡು ಕಿಟಕಿಗಳನ್ನು ಅಕ್ಕಪಕ್ಕ ತೆರೆಯಬಹುದಲ್ಲವೇ ಎಂಬ ಪ್ರಶ್ನೆ ಸಹಜ. ಇಲ್ಲಿ ಅಂಗುಲಕ್ಕಿಂತ ಪಿಕ್ಸೆಲ್ ಸಂಖ್ಯೆ ಮುಖ್ಯ. ಫುಲ್ ಎಚ್‌ಡಿ ಪರದೆಯ ಅಗಲ 1920 ಪಿಕ್ಸೆಲ್. ಅದನ್ನು ಎರಡು ಭಾಗ ಮಾಡಿದರೆ ಒಂದೊಂದಕ್ಕೆ 960 ಮಾತ್ರ ದೊರೆತು, ಎಕ್ಸೆಲ್ ಹಾಳೆಯ ಅಂಕಣಗಳು ಮರೆಯಾಗುತ್ತವೆ. ಪರದೆ 22 ಅಂಗುಲದ್ದಾಗಲಿ 27 ಅಂಗುಲದ್ದಾಗಲಿ, ಫುಲ್ ಎಚ್‌ಡಿ ಇರುವವರೆಗೆ ಕಾಣುವ ಸಾಲುಗಳ ಸಂಖ್ಯೆ ಅಷ್ಟೇ. ಅಕ್ಷರಗಳು ಮಾತ್ರ ದಪ್ಪವಾಗುತ್ತವೆ. 3440 ಪಿಕ್ಸೆಲ್ ಅಗಲದ ಪರದೆಗಳಲ್ಲಿ ಎರಡು ಕಿಟಕಿಗಳು ಧಾರಾಳವಾಗಿ ಹಿಡಿಸುತ್ತವೆ; ಆದರೆ ಬೆಲೆ ಹೆಚ್ಚು. ಎರಡು ಸಾಧಾರಣ ಪರದೆಗಳಲ್ಲಿ ಒಂದು ಕೆಟ್ಟರೂ ಇನ್ನೊಂದರಲ್ಲಿ ಕೆಲಸ ಸಾಗುವ ಅನುಕೂಲವಿದೆ. ರಿಟರ್ನ್ ಸಲ್ಲಿಸುವ ವಾರದಲ್ಲಿ ಇದು ಸಣ್ಣ ಅನುಕೂಲವಲ್ಲ.

ಲಾಭ ನಷ್ಟದ ಲೆಕ್ಕ

ಉದಾಹರಣೆಗೆ ಮಾನಿಟರ್ ಬೆಲೆ ತೆರಿಗೆ ಬಿಟ್ಟು ರೂ. 8,000/- ಎಂದೂ, ಲೆಕ್ಕ ಬರೆಯುವವರ ವೇತನ ಮಾಹೆಯಾನ ರೂ. 20,000/- ಎಂದೂ ಇಟ್ಟುಕೊಳ್ಳೋಣ. ದಿನಕ್ಕೆ 8 ಗಂಟೆಯಂತೆ 25 ದಿನಕ್ಕೆ 200 ಗಂಟೆ. ಅಂದರೆ ಗಂಟೆಗೆ ರೂ. 100/-. ದಿನಕ್ಕೆ 10 ನಿಮಿಷ ಉಳಿದರೆ ತಿಂಗಳಿಗೆ 250 ನಿಮಿಷ, ಸುಮಾರು ರೂ. 417/-. ಈ ಪ್ರಕಾರ ಬಂಡವಾಳ ಹಿಂದಿರುಗಲು 19ರಿಂದ 20 ತಿಂಗಳು ಬೇಕು. ದಿನಕ್ಕೆ 20 ನಿಮಿಷ ಉಳಿದರೆ 10 ತಿಂಗಳೊಳಗೆ ಹಿಂದಿರುಗುತ್ತದೆ.

ವಿದ್ಯುತ್ ವೆಚ್ಚ ಅಲ್ಪ. 25 ವಾಟ್‌ನ ಮಾನಿಟರ್ ದಿನಕ್ಕೆ 8 ಗಂಟೆಯಂತೆ 300 ದಿನ ಉರಿದರೆ 60 ಯೂನಿಟ್. ಯೂನಿಟ್‌ಗೆ ರೂ. 9/- ಎಂದು ಹಿಡಿದರೂ ವರ್ಷಕ್ಕೆ ರೂ. 540/-.

ಆದರೆ ಇಲ್ಲೊಂದು ಎಚ್ಚರಿಕೆ ಅವಶ್ಯ. ಸಮಯ ಉಳಿಯಿತೆಂದು ವೇತನ ಕಡಿಮೆಯಾಗುವುದಿಲ್ಲ. ಉಳಿದ ಸಮಯ ಬೇರೆ ಉಪಯುಕ್ತ ಕೆಲಸಕ್ಕೆ, ಉದಾಹರಣೆಗೆ ಉದ್ರಿ ವಸೂಲಿಗೆ ಅಥವಾ ದಾಸ್ತಾನು ಪರಿಶೀಲನೆಗೆ ಸಂದರೆ ಮಾತ್ರ ಅದು ನಿಜವಾದ ಉಳಿತಾಯ. ಇದಕ್ಕಿಂತ ದೊಡ್ಡ ಲಾಭ ತಪ್ಪುಗಳನ್ನು ತಡೆಯುವುದರಲ್ಲಿದೆ. ರೂ. 50,000/- ಮೌಲ್ಯದ ಖರೀದಿಗೆ ಶೇ. 18ರಂತೆ ತೆರಿಗೆ ರೂ. 9,000/-. ಹೊಂದಿಕೆಯಾಗದೆ ಉಳಿದ ಇಂತಹ ಒಂದೇ ಬೀಜಕವನ್ನು ಗಮನಿಸದೆ ಬಿಟ್ಟು, ಹಣಕಾಸು ವರ್ಷ ಮುಗಿದ ನಂತರದ ನವೆಂಬರ್ 30 ಅಥವಾ ವಾರ್ಷಿಕ ರಿಟರ್ನ್ ಸಲ್ಲಿಕೆ, ಇವುಗಳಲ್ಲಿ ಮೊದಲು ಬರುವ ಗಡುವು ದಾಟಿದರೆ, ಆ ಜಮೆ ಕೈತಪ್ಪುತ್ತದೆ. ಅದು ಒಂದು ಮಾನಿಟರ್‌ನ ಬೆಲೆಗಿಂತ ಹೆಚ್ಚು.

ಖರೀದಿಸುವಾಗ ತೆರಿಗೆಯ ಅಂಶಗಳು

1. ಮಾನಿಟರ್‌ಗಳ ಮೇಲೆ ಜಿಎಸ್‌ಟಿ ಶೇ. 18. 32 ಅಂಗುಲಕ್ಕಿಂತ ದೊಡ್ಡವುಗಳ ಮೇಲೆ ಇದ್ದ ಶೇ. 28ರ ದರವನ್ನು 2025ರ ಸೆಪ್ಟೆಂಬರ್ 22ರಿಂದ ಶೇ. 18ಕ್ಕೆ ಇಳಿಸಲಾಗಿದೆ.

2. ಬಿಲ್ಲಿನಲ್ಲಿ ಸಂಸ್ಥೆಯ ಹೆಸರು ಮತ್ತು ಜಿಎಸ್‌ಟಿ ಸಂಖ್ಯೆ ಇರುವಂತೆ ನೋಡಿಕೊಳ್ಳಿ. ಆನ್‌ಲೈನ್‌ನಲ್ಲಿ ಮಾಲೀಕರ ಸ್ವಂತ ಹೆಸರಿನಲ್ಲಿ ತರಿಸಿದರೆ ಬೀಜಕ 2ಬಿಯಲ್ಲಿ ಬರುವುದಿಲ್ಲ.

3. ತೆರಿಗೆ ಜಮೆ ಪಡೆದರೆ ರೂ. 8,000/- ಮೇಲಷ್ಟೇ ಸವಕಳಿ ಲೆಕ್ಕ ಹಾಕಬೇಕು. ತೆರಿಗೆಯ ರೂ. 1,440/- ಮೇಲೆ ಸವಕಳಿಯನ್ನೂ ಪಡೆದು ಜಮೆಯನ್ನೂ ಪಡೆಯುವಂತಿಲ್ಲ. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಜಮೆ ಇಲ್ಲ, ಅವರು ರೂ. 9,440/- ಪೂರ್ತಿ ಆಸ್ತಿಯ ಬೆಲೆಯಾಗಿ ತೋರಿಸಬಹುದು.

4. ಗಣಕಯಂತ್ರಗಳಿಗೆ ಆದಾಯ ತೆರಿಗೆಯಲ್ಲಿ ಸವಕಳಿ ದರ ಶೇ. 40. ಮುದ್ರಕ, ಸ್ಕ್ಯಾನರ್, ಸರ್ವರ್ ಮುಂತಾದ ಪೂರಕ ಸಾಧನಗಳು ಗಣಕ ವ್ಯವಸ್ಥೆಯ ಅವಿಭಾಜ್ಯ ಅಂಗವೆಂದು ದೆಹಲಿ ಉಚ್ಚ ನ್ಯಾಯಾಲಯ 2010ರಲ್ಲಿ ಬಿಎಸ್‌ಇಎಸ್ ರಾಜಧಾನಿ ಪ್ರಕರಣದಲ್ಲಿ ತೀರ್ಪಿತ್ತಿದೆ. ಗಣಕಯಂತ್ರಕ್ಕೆ ಜೋಡಿಸಿದ ಮಾನಿಟರ್‌ಗೂ ಇದೇ ತರ್ಕ ಅನ್ವಯಿಸುತ್ತದೆ. ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ದರದ ಅರ್ಧ ಮಾತ್ರ.

5. ಒಬ್ಬರಿಗೆ ಒಂದು ದಿನದಲ್ಲಿ ರೂ. 10,000/- ಮೀರಿ ನಗದು ಕೊಟ್ಟು ಆಸ್ತಿ ಖರೀದಿಸಿದರೆ ಆ ಮೊತ್ತ ಸವಕಳಿಗೆ ಅರ್ಹವಲ್ಲ. ಎರಡು ಮಾನಿಟರ್‌ಗಳಿಗೆ ಎರಡು ಬಿಲ್ಲು ಮಾಡಿಸಿ ಅದೇ ದಿನ ನಗದು ಕೊಟ್ಟರೂ ಒಟ್ಟು ಮೊತ್ತವನ್ನೇ ಪರಿಗಣಿಸಲಾಗುತ್ತದೆ. ಚೆಕ್ ಅಥವಾ ಬ್ಯಾಂಕ್ ಮೂಲಕವೇ ಪಾವತಿಸಿ.

ಜೋಡಿಸುವ ಕ್ರಮ

ಖರೀದಿಗೆ ಮೊದಲು ಯಂತ್ರದ ಹಿಂಬದಿಯಲ್ಲಿ ಎಚ್‌ಡಿಎಂಐ, ವಿಜಿಎ ಅಥವಾ ಡಿಸ್‌ಪ್ಲೇಪೋರ್ಟ್ ಎಂಬ ಎರಡು ಕಿಂಡಿಗಳು ಇವೆಯೇ ನೋಡಿ. ಇದ್ದರೆ ಕೇಬಲ್ ಬಿಟ್ಟು ಬೇರೆ ವೆಚ್ಚವಿಲ್ಲ. ಜೋಡಿಸಿದ ಮೇಲೆ ವಿಂಡೋಸ್ ಕೀಲಿಯೊಡನೆ ಪಿ ಒತ್ತಿ ‘ಎಕ್ಸ್‌ಟೆಂಡ್’ ಆರಿಸಬೇಕು. ‘ಡೂಪ್ಲಿಕೇಟ್’ ಇದ್ದರೆ ಎರಡರಲ್ಲೂ ಒಂದೇ ದೃಶ್ಯ ಕಾಣುತ್ತದೆ. ಯುಪಿಎಸ್‌ಗೆ ಹೊರೆ ಹೆಚ್ಚುವುದರಿಂದ ವಿದ್ಯುತ್ ಹೋದಾಗ ದೊರೆಯುವ ಅವಧಿ ಕಡಿಮೆಯಾಗುತ್ತದೆಂಬುದೂ ನೆನಪಿರಲಿ.

ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗೆ, ದೂರ ಒಂದು ಕೈ ಉದ್ದದಷ್ಟು ಇರಲಿ. ಎರಡನ್ನೂ ಸಮವಾಗಿ ಬಳಸುವವರು ಕೂಡುವ ಅಂಚು ಮೂಗಿನ ನೇರಕ್ಕೆ ಬರುವಂತೆ ಇಡಬೇಕು. ಒಂದನ್ನೇ ಹೆಚ್ಚು ಬಳಸುವವರು ಅದನ್ನು ನೇರಕ್ಕೂ ಇನ್ನೊಂದನ್ನು ಪಕ್ಕದಲ್ಲಿ ಓರೆಯಾಗಿಯೂ ಇಡಬೇಕು. ಇಲ್ಲವಾದರೆ ದಿನವಿಡೀ ಕತ್ತು ಒಂದೇ ಕಡೆ ತಿರುಗಿ, ಅನುಕೂಲಕ್ಕೆಂದು ಕೊಂಡದ್ದು ನೋವಿಗೆ ಕಾರಣವಾಗುತ್ತದೆ. ಕಿಟಕಿಯ ಬೆಳಕು ಪರದೆಗೆ ಎದುರಾಗಿಯೂ ಹಿಂದಿನಿಂದಲೂ ಬೀಳದೆ ಪಕ್ಕದಿಂದ ಬರುವಂತಿರಲಿ.

ಕೊನೆಯದಾಗಿ

ಆತುರದಿಂದ ಎಲ್ಲ ಮೇಜುಗಳಿಗೂ ಕೊಳ್ಳಬೇಕಾಗಿಲ್ಲ. ಬೇಡಿಕೆಯನ್ನು ಸಾರಾಸಗಟಾಗಿ ತಳ್ಳಿಹಾಕುವುದೂ ಸರಿಯಲ್ಲ. ಕಚೇರಿಯಲ್ಲಿ ಬಳಕೆಯಿಲ್ಲದ ಮಾನಿಟರ್ ಒಂದಿದ್ದರೆ ಲೆಕ್ಕದ ಮೇಜಿಗೆ ಜೋಡಿಸಿ, ಒಂದು ತಿಂಗಳ 14ರಿಂದ 20ರವರೆಗೆ ಪರೀಕ್ಷಿಸಿ. ತಾಳೆ ಮುಗಿಯಲು ತಗುಲಿದ ಗಂಟೆಗಳು, ಮುದ್ರಿಸಿದ ಹಾಳೆಗಳು, ಹೊಂದದೆ ಉಳಿದ ಬೀಜಕಗಳು ಈ ಮೂರನ್ನು ಹಿಂದಿನ ತಿಂಗಳೊಡನೆ ಹೋಲಿಸಿ. ವ್ಯತ್ಯಾಸ ಕಂಡರೆ ಹೊಸದನ್ನು ಕೊಳ್ಳಿ. ಕಾಣದಿದ್ದರೆ ಆ ಹಣ ವ್ಯಾಪಾರದಲ್ಲೇ ಇರಲಿ. ಲೆಕ್ಕ ಬರೆಯುವವರ ಅಭಿಪ್ರಾಯವನ್ನೂ ಕೇಳಿ. ದಿನಕ್ಕೆ ಎಂಟು ಗಂಟೆ ಆ ಪರದೆಯ ಮುಂದೆ ಕೂರುವವರು ಅವರೇ.