ಹಾಡಿಗೆ ಎಷ್ಟು ಜಾಗ ಸಾಕು?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿಯ ಮೊಬೈಲ್ ಅಂಗಡಿಗಳಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಳ್ಳುತ್ತಿದ್ದ ಕಾಲ ತೀರಾ ಹಳೆಯದೇನಲ್ಲ. ಅಣ್ಣಾವ್ರ ಹಾಡೋ, ಜಾನಪದವೋ, ಕೊಟ್ಟೂರೇಶ್ವರನ ಭಕ್ತಿಗೀತೆಯೋ ಎಂದು ಅಂಗಡಿಯವ ಕೇಳಿದರೆ ‘ಎಲ್ಲಾ ಹಾಕು’ ಎನ್ನುವುದೇ ರೂಢಿ. ತುಂಬಿಸಿಕೊಂಡವರು ಕೇಳುತ್ತಿದ್ದದ್ದು ಮಾತ್ರ ಅವೇ ಮೂವತ್ತು ನಲವತ್ತು ಹಾಡು.

ಲೆಕ್ಕ ಹಾಕಿ ನೋಡಿ. ಸಾಧಾರಣ ಗುಣಮಟ್ಟದ ಎಂಪಿ3 ನಿಮಿಷಕ್ಕೆ ಸುಮಾರು 1 ಎಂಬಿ ತಿನ್ನುತ್ತದೆ. 32 ಜಿಬಿ ಕಾರ್ಡಿನಲ್ಲಿ 500 ಗಂಟೆಗೂ ಮೀರಿ ಸಂಗೀತ ಹಿಡಿಯುತ್ತದೆ. ದಿನಕ್ಕೊಂದು ಗಂಟೆ ಕೇಳುವವರಿಗೆ ಒಂದು ಹಾಡು ಮತ್ತೆ ಕಿವಿಗೆ ಬೀಳಲು ಹತ್ತಿರಹತ್ತಿರ ಒಂದೂವರೆ ವರ್ಷ ಬೇಕು. ಅಷ್ಟು ಅಪರೂಪಕ್ಕೆ ಬರುವ ಹಾಡು ನಮ್ಮದಾಗುವುದಾದರೂ ಹೇಗೆ? ತಿಂಗಳಿಗೊಮ್ಮೆಯಾದರೂ ಪ್ರತಿ ಹಾಡೂ ಬರಲಿ ಎಂದರೆ 30 ಗಂಟೆ, ಅಂದರೆ ಐದೈದು ನಿಮಿಷದ 360 ಹಾಡು ಸಾಕು. ಅದು 2 ಜಿಬಿಯೊಳಗೆ ಮುಗಿಯುತ್ತದೆ. ಒಂದು ಗಂಟೆಯ ಕ್ಯಾಸೆಟ್ಟುಗಳಾದರೆ ಮೂವತ್ತು. ನನ್ನ ಮಟ್ಟಿಗೆ ಅದೇ ಸರಿಯಾದ ಅಳತೆ.

ಹಿಂದೆ ಇಂಥ ಮಿತಿ ತಾನಾಗಿಯೇ ಬೀಳುತ್ತಿತ್ತು. ಹತ್ತೊಂಬತ್ತನೇ ಶತಮಾನದ ಹರಪನಹಳ್ಳಿ ಭೀಮವ್ವನಂಥ ಹರಿದಾಸಿಯರ ಹಾಡುಗಳನ್ನು ಹೆಣ್ಣುಮಕ್ಕಳು ಬಾಯಿಪಾಠ ಮಾಡಿ, ಹಾಡಿನ ಪುಸ್ತಕಕ್ಕೆ ಕೈಯಾರೆ ಬರೆದುಕೊಂಡು ಉಳಿಸಿದರು. ಪುಸ್ತಕಕ್ಕೆ ಒಂದು ಹಾಡು ಸೇರಬೇಕಾದರೆ ಮುಂಜಾನೆಯ ಕೆಲಸದ ನಡುವೆ ಅರ್ಧ ಗಂಟೆ ಹೊಂದಿಸಿ ಬರೆಯಬೇಕು. ಬೇಡದ ಹಾಡಿಗೆ ಯಾರೂ ಅಷ್ಟು ಶ್ರಮ ಪಡುವುದಿಲ್ಲ. ಪಕ್ಕದ ಸಂಡೂರು ಸೀಮೆಯ ದರೋಜಿ ಈರಮ್ಮ 2014ರಲ್ಲಿ ತೀರಿಕೊಳ್ಳುವವರೆಗೂ ಬುರ್ರಕಥೆಯ ಮಹಾಕಾವ್ಯಗಳನ್ನೇ ನೆನಪಿನಲ್ಲಿ ಹೊತ್ತಿದ್ದರು. ಅಂಥ ನೆನಪಿನ ಶಕ್ತಿ ಎಲ್ಲರಿಗೂ ಬಾರದು, ನಿಜ. ಆದರೆ ಹಾಡಿ ಹಾಡಿಯೇ ಅದು ಬಂದದ್ದು.

ಒಂದು ಬಗೆಯ ಧ್ವನಿಗೆ ಮಾತ್ರ ಈ ಮಿತಿ ಹಾಕಬಾರದು. ಅಜ್ಜಿಯ ಬೀಸುವ ಪದ, ಮದುವೆಮನೆಯ ಸೋಬಾನೆ, ಚೌಡಿಕೆ ಹಿಡಿದ ಜೋಗತಿಯರ ಎಲ್ಲಮ್ಮನ ಪದ, ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಪ್ಪ ಹಾಡಿದ್ದು, ಊರ ಬಯಲಾಟದ ರಾತ್ರಿ: ಇವನ್ನು ವರ್ಷಕ್ಕೊಮ್ಮೆ ಕೇಳಿದರೂ, ಕೇಳದಿದ್ದರೂ ಇಟ್ಟುಕೊಳ್ಳಲೇಬೇಕು. ಸಿನಿಮಾ ಹಾಡು ಅಳಿಸಿಹೋದರೆ ಇನ್ನೊಂದು ಕಡೆ ಸಿಗುತ್ತದೆ. ಇವು ಸಿಗುವುದಿಲ್ಲ. ‘ರೆಕಾರ್ಡಿಂಗ್ 014’ ಎಂದು ಫೋನಿನಲ್ಲಿ ಬಿದ್ದಿರುವ ಕಡತಕ್ಕೆ ಹಾಡಿದವರ ಹೆಸರು, ಊರು, ವರ್ಷ ಸೇರಿಸಿ; ಹಾಡಿದವರನ್ನು ಕೇಳಿಯೇ ಒಂದು ಪ್ರತಿಯನ್ನು ಬೇರೆ ಊರಿನಲ್ಲಿರುವ ಮಗಳ ಕಂಪ್ಯೂಟರಿನಲ್ಲೂ ಇಡಿ. ಫೋನು ಬದಲಿಸುವ ದಿನ ಮೊದಲು ನಕಲಾಗಬೇಕಾದದ್ದು ಈ ಕಡತಗಳು, ಆಮೇಲೆ ಆ 360.