ಸ್ಥಾನಾಂತರ ಹೊಂದಿದ ಪ್ಯಾರಾಥೈರಾಯ್ಡ್ ಗ್ರಂಥಿಗಳೂ ಅವುಗಳ ಶಸ್ತ್ರಚಿಕಿತ್ಸೆಯೂ

ಮನುಷ್ಯನ ಕಂಠದಲ್ಲಿ ಥೈರಾಯ್ಡ್ ಗ್ರಂಥಿಯ ಹಿಂಬದಿಗೆ ಅಕ್ಕಿಕಾಳಿನಷ್ಟು ಚಿಕ್ಕವಾದ ನಾಲ್ಕು ಗ್ರಂಥಿಗಳು ಸಾಮಾನ್ಯವಾಗಿ ಇರುತ್ತವೆ. ಇವನ್ನು 1880ರಲ್ಲಿ ಸ್ವೀಡನ್ ದೇಶದ ಈವಾರ್ ಸ್ಯಾಂಡ್‌ಸ್ಟ್ರೋಮ್ ಎಂಬಾತನು ವಿಶದವಾಗಿ ವರ್ಣಿಸಿದನು. ರಕ್ತದಲ್ಲಿರುವ ಕ್ಯಾಲ್ಸಿಯಂ ಎಂಬ ಸುಣ್ಣದ ಸತ್ತ್ವವನ್ನು ಮಿತಿಯಲ್ಲಿಡುವುದು ಇವುಗಳ ಕಾರ್ಯ. ಇವುಗಳಲ್ಲೊಂದು ಬೆಳೆದು ಅತಿಯಾಗಿ ಸ್ರವಿಸಿದರೆ ಆ ಸತ್ತ್ವವು ಅಸ್ಥಿಗಳನ್ನು ಬಿಟ್ಟು ರಕ್ತವನ್ನು ಸೇರುತ್ತದೆ. ಅಸ್ಥಿಗಳು ದುರ್ಬಲವಾಗುತ್ತವೆ, ಮೂತ್ರಪಿಂಡದಲ್ಲಿ ಕಲ್ಲುಗಳುಂಟಾಗುತ್ತವೆ. ಬೆಳೆದ ಗ್ರಂಥಿಯನ್ನು ತೆಗೆದರೆ ಗುಣವುಂಟೆಂಬುದನ್ನು 1925ರಲ್ಲಿ ವಿಯೆನ್ನಾ ನಗರದ ಫೆಲಿಕ್ಸ್ ಮಾಂಡ್ಲ್ ತೋರಿಸಿದನು.

ಆದರೆ ಕಂಠದಲ್ಲಿ ಹುಡುಕಿದಾಗ ಆ ಗ್ರಂಥಿಯು ದೊರೆಯದಿದ್ದರೆ ಏನೆನ್ನಬೇಕು? ಅಮೆರಿಕದ ನೌಕಾನಾಯಕನೊಬ್ಬನಿಗೆ 1926ರಿಂದ ಆರು ಬಾರಿ ಶಸ್ತ್ರಕ್ರಿಯೆ ನಡೆದರೂ ರೋಗಮೂಲವು ಸಿಕ್ಕಲಿಲ್ಲ. ಅಷ್ಟರಲ್ಲಿ ಅಸ್ಥಿಗಳು ಕುಸಿದು ಅವನ ಎತ್ತರವೇ ಹಲವು ಅಂಗುಲ ಕುಗ್ಗಿತ್ತು. 1932ರಲ್ಲಿ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಚರ್ಚಿಲ್ ಮತ್ತು ಕೋಪ್ ಎಂಬ ಶಸ್ತ್ರವೈದ್ಯರು ಏಳನೆಯ ಬಾರಿ ಎದೆಯನ್ನು ತೆರೆಯಲು ಗ್ರಂಥಿಯು ಅಲ್ಲಿ ಕಂಡಿತು. ಕೆಲವೇ ವಾರಗಳಲ್ಲಿ, ಮೂತ್ರಮಾರ್ಗದಲ್ಲಿ ಸಿಕ್ಕಿಕೊಂಡ ಕಲ್ಲನ್ನು ತೆಗೆದ ಬಳಿಕ, ಅವನು ತೀರಿಕೊಂಡನು.

ಭಾಟ್ಟ ಮೀಮಾಂಸಕರು ಅನುಪಲಬ್ಧಿಯನ್ನು ಪ್ರಮಾಣವೆಂದು ಒಪ್ಪಿದರೂ ಅದಕ್ಕೊಂದು ನಿಯಮವನ್ನು ವಿಧಿಸಿದ್ದಾರೆ: ಇದ್ದಿದ್ದರೆ ಕಾಣತಕ್ಕದ್ದು ಕಾಣದಿದ್ದಾಗ ಮಾತ್ರ ಅಭಾವವು ಸಿದ್ಧಿಸುತ್ತದೆ. ಕತ್ತಲೆಯಲ್ಲಿ ಘಟವು ಕಾಣದಿದ್ದುದರಿಂದ ಘಟವಿಲ್ಲವೆನ್ನಲಾಗದು. ಗ್ರಂಥಿಯು ಎಲ್ಲೆಲ್ಲಿ ಇರಬಹುದೆಂಬುದನ್ನು ತಿಳಿಯದೆ ಕಂಠವನ್ನಷ್ಟೇ ಶೋಧಿಸುವುದೂ ಅಂಥದೇ.

ಇಲ್ಲಿ ಬೆಳಕನ್ನು ನೀಡುವುದು ಭ್ರೂಣಶಾಸ್ತ್ರ. ಕೆಳಗಿನ ಎರಡು ಗ್ರಂಥಿಗಳು ಗರ್ಭದಲ್ಲಿ ಥೈಮಸ್ ಗ್ರಂಥಿಯೊಡನೆ ಹುಟ್ಟಿ ಅದರೊಡನೆಯೇ ಇಳಿಯುತ್ತವೆ. ಆದುದರಿಂದ ಅವು ಇಳಿಯದೆ ದವಡೆಯ ಸಮೀಪದಲ್ಲಿ ನಿಲ್ಲಬಹುದು, ಇಲ್ಲವೆ ಎದೆಯವರೆಗೂ ಹೋಗಬಹುದು. ಮೇಲಿನವುಗಳ ಪಯಣ ಅಲ್ಪ; ಅವು ಬೆಳೆದಾಗ ಅನ್ನನಾಳದ ಹಿಂದೆ ಜಾರುವುದುಂಟು. ಥೈರಾಯ್ಡಿನ ಒಳಗೇ ಹುದುಗಿರುವುದೂ ಉಂಟು.

ರೋಗವಿದೆಯೆಂಬ ನಿರ್ಣಯವಾಗುವುದು ರಕ್ತಪರೀಕ್ಷೆಯಿಂದ. ಬಳಿಕ ಸ್ಥಾನವನ್ನರಿಯಲು ಅಲ್ಟ್ರಾಸೌಂಡ್, ಸಿ.ಟಿ. ಚಿತ್ರ ಹಾಗೂ ವಿಕಿರಣಶೀಲ ಟೆಕ್ನೀಶಿಯಂ ಸೇರಿದ ಸೆಸ್ಟಾಮಿಬಿ ದ್ರವ್ಯದ ಪರೀಕ್ಷೆಗಳು ಇಂದು ನಡೆಯುತ್ತವೆ. ಎದೆಯ ಮೇಲ್ಭಾಗದಲ್ಲಿರುವ ಗ್ರಂಥಿಯನ್ನು ಬಹುಮಟ್ಟಿಗೆ ಕಂಠದ ಗಾಯದ ಮೂಲಕವೇ ಥೈಮಸ್ಸಿನೊಡನೆ ಮೇಲಕ್ಕೆಳೆದು ತೆಗೆಯಬಹುದು. ಇನ್ನೂ ಆಳದಲ್ಲಿದ್ದರೆ ದರ್ಶಕನಳಿಕೆಯ ನೆರವಿನಿಂದಲೋ ಎದೆಮೂಳೆಯನ್ನು ಸೀಳಿಯೋ ತೆಗೆಯಬೇಕು. ಗ್ರಂಥಿಯನ್ನು ತೆಗೆದ ಹತ್ತು ನಿಮಿಷಗಳಲ್ಲಿ ರಕ್ತದಲ್ಲಿನ ಅದರ ಸ್ರಾವವು ಅರ್ಧಕ್ಕಿಂತ ಕೆಳಗಿಳಿದರೆ ರೋಗಮೂಲವು ಹೋಯಿತೆಂದು ಬಹುಮಟ್ಟಿಗೆ ತಿಳಿಯಬಹುದು. ಇಳಿಯದಿದ್ದರೆ ಶೋಧನೆಯನ್ನು ಮುಂದುವರಿಸತಕ್ಕದ್ದು.